ರೊಟ್ಟಿ ನೋಡುವ ಗಿಣಿ

ಅತ್ತೆ ಸೊಸೆ ಇಬ್ಬರೂ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ನಾನು ಒಂದು ನಾಯಿಗೆ ಬಾಲ ಕೊಡುವ ಗಂಭೀರ ಕಾರ್ಯದಲ್ಲಿದ್ದೆ. ನಾಯಿ ಮುಧೋಳದ್ದು. ಅದನ್ನು ಎದೆಯ ಮೇಲೆ ಹೊತ್ತುಕೊಳ್ಳಲು ಒಪ್ಪಿ ಮಲಗಿದ್ದ ಗೃಹಸ್ಥನೂ ಮುಧೋಳದವನೇ. ಈ ತಳಿಯನ್ನು ಚರ್ಮದ ಮೇಲೆ ಬರೆಯುವುದು ಸುಲಭವಲ್ಲ. ಹೊಟ್ಟೆಯನ್ನು ಇದ್ದ ಹಾಗೆ ತೆಳ್ಳಗೆ ಬರೆದರೆ "ಉಪಾಸ ಕೆಡವೀರೇನ್ರಿ ಇದನ್ನ?" ಎಂದು ಕೇಳುತ್ತಾರೆ, ಕರುಣೆಯಿಂದ ಒಂದಿಷ್ಟು ಮೈ ತುಂಬಿಸಿದರೆ ಅದು ಆಡಾಗಿಬಿಡುತ್ತದೆ.

"ಹಚ್ಚಿ ಹಾಕಾವ್ರು ನೀವ ಏನ್ರಿ?" ಬಾಗಿಲಲ್ಲಿ ನಿಂತು ಕೇಳಿದವಳು ಸೊಸೆ.

ಬನಹಟ್ಟಿಯ ಆ ಅಂಗಡಿಯ ಬೋರ್ಡಿನ ಮೇಲೆ 'ಟ್ಯಾಟೂ ಸ್ಟುಡಿಯೋ' ಎಂದು ನಾನೇ ಬಹಳ ಬಳುಕಿಸಿ ಬರೆದಿದ್ದೆ. ಹಚ್ಚೆ ಎಂದು ಕರೆದು ಮೆಟ್ಟಿಲು ಹತ್ತಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ನಾಯಿಯನ್ನು ಅರ್ಧ ಬಾಲಕ್ಕೆ ನಿಲ್ಲಿಸಿ, ಹೌದು ನಾನೇ, ಕೂಡ್ರಿ ಎಂದೆ.

ಅತ್ತೆ ಕೂತಳು. ಕೂತವಳೇ ಸೆರಗು ಸರಿಸಿ ಬಲಗೈಯನ್ನು ಮೇಜಿನ ಮೇಲೆ, ಬೇರೆ ಯಾರದೋ ವಸ್ತುವನ್ನು ಇಡುವ ಹಾಗೆ ಇಟ್ಟಳು. ಮಣಿಕಟ್ಟಿನಿಂದ ಮೊಳಕೈವರೆಗೆ, ಕೈಯ ಹೊರಮೈ ಪೂರ್ತಿ ಸುಟ್ಟು ಮಾಯ್ದ ಚರ್ಮ. ಕೆಲವು ಕಡೆ ನುಣ್ಣಗೆ ಹೊಳೆಯುತ್ತಿತ್ತು, ಕೆಲವು ಕಡೆ ಹಗ್ಗದ ಹಾಗೆ ಹುರಿಗೊಂಡಿತ್ತು. ಮಹಾಲಿಂಗಪುರದ ಹತ್ತಿರ ಗಾಣದ ಕೆಲಸಕ್ಕೆ ಹೋದಾಗ ಕುದಿಯುವ ಬೆಲ್ಲದ ಪಾಕ ಸಿಡಿದದ್ದಂತೆ. ಆಗಲೇ ಕೆಲವು ವರ್ಷಗಳಾಗಿದ್ದವು.

"ಇಲ್ಲೆ ಹಚ್ಚಿ ಇತ್ರಿ," ಎಂದಳು. "ಬೆಲ್ಲ ತಿಂತು. ಮತ್ತ ಹಾಕ್ರಿ."

"ಏನಿತ್ರಿ ಯವ್ವಾ?"

"ತೊಟ್ಟಲಾ. ಮ್ಯಾಲೊಂದು ಗಿಣಿ. ಬುಡಕ ಚುಕ್ಕಿ."

ಸುಟ್ಟ ಚರ್ಮ ಶಾಯಿಯನ್ನು ಸರಿಯಾಗಿ ಹಿಡಿಯುವುದಿಲ್ಲ, ಒಂದು ಕಡೆ ಹರಡುತ್ತದೆ, ಒಂದು ಕಡೆ ಉಗುಳುತ್ತದೆ, ಹೆಚ್ಚುಕಡಿಮೆಯಾದರೆ ಅಳಿಸಿ ಮತ್ತೆ ಬರೆಯಲು ಬರುವುದಿಲ್ಲ ಎಂದು ಹೇಳಿದೆ. ಎಡಗೈ ಚೆನ್ನಾಗಿದೆಯಲ್ಲ, ಅಲ್ಲಿ ಹಾಕಲೇ ಎಂದು ಕೇಳಿದೆ.

"ಎಡಗೈದಾಗ ನಂದೇನೂ ಕಳದಿಲ್ಲಲ್ರಿ," ಎಂದಳು.

ಅತ್ತೆ ಇನ್ನು ಹೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಸೊಸೆ ಶುರು ಮಾಡಿದಳು. "ಅಣ್ಣಾರ, ಕೈ ಛಲೋ ಐತ್ರಿ. ಬೆರಳೆಲ್ಲಾ ಆಡ್ತಾವು. ಕೊಡಾ ಎತ್ತತಾರ, ಕುರಿಮರಿ ಎತ್ತತಾರ. ರೊಟ್ಟಿ ಬಡಿಯಾಕ ಕುಂತ್ರ ಮಾತ್ರ ಹಿಟ್ಟಿಗೆ ಕೈ ಇಡತಾರ, ಕೈ ನೋಡ್ತಾರ, ಎದ್ದು ಬಿಡ್ತಾರ. ಇದು ನನ್ನ ಕೈ ಅಲ್ಲ ಅಂತಾರ. ಎಲ್ಲಾ ನಾನ ಬಡೀಬೇಕು. ಬಡದದ್ದಕ್ಕ ದಪ್ಪ ಆತು, ಹರೀತು ಅಂತ ಹೆಸರ ಇಡೂದು ಮಾತ್ರ ಬಿಟ್ಟಿಲ್ಲ."

"ದಪ್ಪ ಬಡದ್ರ ಹೆಸರ ಇಡದ ಏನ ಇಡ್ಲಿ?" ಎಂದಳು ಅತ್ತೆ.

ಕುರಿ ಸಾಕುವ ಮನೆತನದವರು. ಅನಗವಾಡಿಯ ಕಡೆ ಹೊಳೆದಂಡೆಯಲ್ಲಿದ್ದ ಅವರ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ಈಗ ಬೀಳಗಿ ಹತ್ತಿರದ ಪುನರ್ವಸತಿ ಕೇಂದ್ರದಲ್ಲಿ ಮನೆ. ಅತ್ತೆ ಏಳುವ ಮೊದಲು ಕೈಯನ್ನು ಮತ್ತೆ ಸೆರಗಿನೊಳಗೆ ಸೇರಿಸುತ್ತ ಹೇಳಿದಳು: "ಊರು ಮುಳುಗಡಿಯಾಗ ಹೋತು. ಮೈಮ್ಯಾಗಿನ ಬಂಗಾರ ಸತ್ತಾಗ ಬಿಚ್ಕೋತಾರ. ಕೂಡ ಬರೂದು ಇದೊಂದ ಇತ್ತು."

ಬುದ್ಧಿವಂತನಾದವನು ಅಲ್ಲೇ ಕೈಮುಗಿದು ಕಳಿಸುತ್ತಿದ್ದ. ಆದರೆ ಈ ಕಸುಬಿಗೆ ಬರುವ ಮೊದಲು ನಾನು ಸೀರೆಯ ದಡಿ ಮತ್ತು ಸೆರಗುಗಳನ್ನು ಗ್ರಾಫ್ ಹಾಳೆಯ ಮೇಲೆ ಬರೆದು, ಮಗ್ಗಕ್ಕೆ ಬೇಕಾದ ಜಕಾರ್ಡ್ ರಟ್ಟುಗಳಿಗೆ ತೂತು ಹೊಡೆಯುವವನು. ಆ ಕೆಲಸವನ್ನು ಕಂಪ್ಯೂಟರು ವಹಿಸಿಕೊಂಡ ಮೇಲೆ ರಟ್ಟು ಬಿಟ್ಟು ಚರ್ಮಕ್ಕೆ ತೂತು ಹೊಡೆಯತೊಡಗಿದೆ. ಹೀಗಾಗಿ ಕಸುಬು ಬದಲಾಯಿತೆಂದು ನನಗೆ ಅನಿಸಿಯೇ ಇಲ್ಲ. ಅಂಥವನ ಮುಂದೆ ಜಗತ್ತಿನಲ್ಲಿ ಎಲ್ಲಿಯೂ ಉಳಿದಿಲ್ಲದ ಒಂದು ನಮೂನೆಯ ಸುದ್ದಿ ತೆಗೆಯಬಾರದು. ಆ ಗಿಣಿ ಹೇಗಿತ್ತು ಎಂಬ ಪ್ರಶ್ನೆ ಅಂದೇ ತಲೆಯಲ್ಲಿ ಕೂತಿತು. ನಾಯಿಯ ಉಳಿದರ್ಧ ಬಾಲ ಅನ್ಯಮನಸ್ಕನಾಗಿಯೇ ಮುಗಿಯಿತು. ಅದು ಅವನ ಎದೆಯ ಮೇಲೆ ಇಂದಿಗೂ ಸ್ವಲ್ಪ ಗಿಣಿಯ ಬಾಲದ ಹಾಗೆಯೇ ಇದೆ.

ಮೊದಲು ಜಮಖಂಡಿಯ ಚರ್ಮದ ಡಾಕ್ಟರರ ಹತ್ತಿರ ಕಳಿಸಿದೆ. ಅವರು ಗಾಯ ಹಳೆಯದು, ಚಪ್ಪಟೆಯಾಗಿದೆ, ಬೆಳೆಯುತ್ತಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ, ಒಂದು ಮೂಲೆಯಲ್ಲಿ ಸ್ವಲ್ಪ ಮಾಡಿ ನೋಡಲಿ ಎಂದು ಹೇಳಿ ಕಳಿಸಿದರು. ಜವಾಬ್ದಾರಿಯನ್ನು ಹೀಗೆ ಅರ್ಧ ಹಂಚಿಕೊಂಡ ಮೇಲೆ ಉಳಿದರ್ಧವನ್ನು ಮಹಾಸಭೆಯ ಮುಂದಿಟ್ಟೆ.

ಮಹಾಸಭೆ ಎಂದರೆ ಅಂತರ್ಜಾಲದಲ್ಲಿ ನಮ್ಮ ಕಸುಬಿನವರು ಮಾಡಿಕೊಂಡಿದ್ದ ಒಂದು ಗುಂಪು. ಹೆಸರು ಬೇರೆ ಇತ್ತು. ಮಹಾಸಭೆ ಎಂಬುದು ನನ್ನ ನಾಮಕರಣ. ಕುತ್ತಿಗೆಗೆ ಸರ್ಪ ಸುತ್ತಿಸಿಕೊಂಡವರು, ತಲೆಬುರುಡೆಯನ್ನು ಅಂಗೈಯಲ್ಲಿಟ್ಟುಕೊಂಡವರು, ರೆಪ್ಪೆಯ ಮೇಲೂ ಅಕ್ಷರ ಬರೆಸಿಕೊಂಡವರು ಅಲ್ಲಿ ಸೇರಿ ಸೂಜಿಯ ದಪ್ಪ, ಶಾಯಿಯ ಗುಣ, ಗಾಯದ ಮುಲಾಮು ಮುಂತಾದವನ್ನು ಲಗ್ನದ ಮನೆಯ ಹಿರಿಯರ ಕಾಳಜಿಯಿಂದ ಚರ್ಚಿಸುತ್ತಿದ್ದರು. ನಾನು ಕಲಿತದ್ದೆಲ್ಲ ಬಹುಮಟ್ಟಿಗೆ ಅಲ್ಲಿಯೇ. ಸುಟ್ಟ ಕೈಯ ಫೋಟೋ ಹಾಕಿ, ಬರುವಷ್ಟು ಇಂಗ್ಲಿಷಿನಲ್ಲಿ ಸಮಸ್ಯೆ ನಿವೇದಿಸಿದೆ. ಒಬ್ಬರು ದೊಡ್ಡದೊಂದು ಕಮಲ ಹಾಕಿ ಎಲ್ಲ ಮುಚ್ಚಿಬಿಡು ಎಂದರು. ಒಬ್ಬರು ಗಾಯವೇ ಸೌಂದರ್ಯವೆಂದು ಆಕೆಗೆ ತಿಳಿಸಿ ಹೇಳು ಎಂದರು. ಇನ್ನಿಬ್ಬರು ನನ್ನ ಸೂಜಿ ಯಾವ ಕಂಪನಿಯದು ಎಂದು ಕೇಳಿ, ಅದರ ಮೇಲೆ ತಮ್ಮೊಳಗೇ ಜಗಳ ಹೂಡಿದರು. ಪುಣೆಯ ಒಬ್ಬ ಹಿರಿಯ ಹೆಂಗಸು ಮಾತ್ರ ಚುಟುಕಾಗಿ ಬರೆದಳು: ನಾಲ್ಕು ಚುಕ್ಕೆ ಹಾಕು. ಸ್ವಲ್ಪ ದಿನ ಕಾಯು. ನೋಡು.

ಮೊಳಕೈ ಹತ್ತಿರ ಮಷಿನ್ನಿನಿಂದ ಚುಕ್ಕೆ ಹಾಕಿದೆ. ವೇಗ ತಗ್ಗಿಸಿದ್ದೆ, ಕೈ ಹಗುರ ಇಟ್ಟಿದ್ದೆ. ನೋಯುತ್ತದೆಯೇ ಎಂದು ಕೇಳಿದ್ದಕ್ಕೆ "ಬೆಲ್ಲದ ಮುಂದ ಇದೇನ್ರಿ" ಎಂದಳು. ಒಂದು ತಿಂಗಳ ಮೇಲೆ ಬಂದು ತೋರಿಸಿದಾಗ ಕೆಲವು ಚುಕ್ಕೆಗಳು ವೃತ್ತಪತ್ರಿಕೆಯ ಮೇಲೆ ಬಿದ್ದ ಶಾಯಿಯ ಹಾಗೆ ಹರಡಿದ್ದವು, ಉಳಿದವು ಹೇಳದೆ ಕೇಳದೆ ಹೊರಟುಹೋಗಿದ್ದವು. ಮಹಾಸಭೆ ಒಕ್ಕೊರಲಿನಿಂದ ಬಿಟ್ಟುಬಿಡು ಎಂದಿತು. ಅದನ್ನೇ ಆಕೆಗೆ ಹೇಳಿದೆ.

"ಬ್ಯಾಡ ಅಂದಾವ್ರು ಭಾಳ ಮಂದಿ ಏನ್ರಿ?"

"ಭಾಳ ಮಂದಿ, ಯವ್ವಾ."

"ಅವರಾಗ ನಮ್ಮೂರಾವ್ರು ಯಾರರ ಇದ್ರೇನು?"

ಇರಲಿಲ್ಲ ಎಂದು ಒಪ್ಪಿಕೊಂಡೆ.

ಆಕೆ ಮೇಜಿನ ಮೇಲಿನ ಮಷಿನ್ನನ್ನು ಅನುಮಾನದಿಂದ ನೋಡಿದಳು. "ಮತ್ತ ನನಗೇನು ಈ ಗುಂಯ್‌ಗುಡೋದ್ರಿಂದ ಹಾಕಿದ್ರೇನು? ಅವಾಗ ಹಚ್ಚಿ ಹಾಕಾಕಿ ಬಂದು, ಸೂಜಿ ದಾರದ್ಲೆ ಕಟ್ಟಿ, ದೀಪದ ಕಾಡಿಗಿ ಕಲಸಿ ಹಾಕಿದ್ಲು. ಒಮ್ಮಿ ಚುಚ್ಚಾಕಿ, ನೋಡಾಕಿ. ಮತ್ತೊಮ್ಮಿ ಚುಚ್ಚಾಕಿ, ನೋಡಾಕಿ. ಅತ್ರ ಒಂದ ಹಾಡ ಹಾಡಾಕಿ, ಭಾಳ ಅತ್ರ ಒಂದು ಬಾರಸಾಕಿ."

ಆಶ್ಚರ್ಯವೆಂದರೆ ಪುಣೆಯವಳೂ ಅದೇ ವಾರ ಒಂದು ಸಾಲು ಬರೆದಿದ್ದಳು: ಮಷಿನ್ ಬಂದ್ ಮಾಡು, ಕೈಯಿಂದ ಚುಚ್ಚು. ದೊಡ್ಡ ಊರುಗಳಲ್ಲಿ ಈಗ ಇದು ಹೊಸ ಕಲೆ. ನಮ್ಮ ಅಜ್ಜಿಯರು ಕಟ್ಟೆಯ ಮೇಲೆ ಕೂತು ಒಂದು ಮೊರ ಜೋಳಕ್ಕೆ ಚುಚ್ಚಿಸಿಕೊಂಡದ್ದನ್ನು ಅಲ್ಲಿ ಮುಂಗಡ ಹೆಸರು ಬರೆಸಿ, ತಿಂಗಳುಗಟ್ಟಲೆ ಕಾದು ಮಾಡಿಸಿಕೊಳ್ಳುತ್ತಾರೆ. ಹಾಡು ಮತ್ತು ಹೊಡೆತ ಮಾತ್ರ ಇನ್ನೂ ಸೇರಿಲ್ಲ.

ಹೊಸ ಸೂಜಿಯನ್ನು ಹಿಡಿಕೆಗೆ ಬಿಗಿದು ಕೈಯಿಂದ ಚುಚ್ಚಿದೆ. ಒಳ್ಳೆಯ ಚರ್ಮ ಸೂಜಿಗೆ ದಾರಿ ಬಿಡುವಾಗ ಬೆರಳಿಗೊಂದು ಸಣ್ಣ ಸುಳಿವು ಕೊಡುತ್ತದೆ. ಸುಟ್ಟ ಚರ್ಮದಲ್ಲಿ ಅದು ಒಂದೊಂದು ಕಡೆ ಒಂದೊಂದು ಥರ: ಹೊಳೆಯುವಲ್ಲಿ ಸೂಜಿ ತಟ್ಟನೆ ಒಳಗೆ ಜಾರುತ್ತದೆ, ಹುರಿಗೊಂಡಲ್ಲಿ ತಡೆಯುತ್ತದೆ. ಮಷಿನ್ನಿಗೆ ಎಲ್ಲ ಕಡೆಯೂ ಒಂದೇ ಆಳ. ಕೈಯಾದರೆ ಪ್ರತಿ ಚುಕ್ಕೆಗೂ ನಿಂತು ಕೇಳಬಹುದು. ಈ ಸಲ ಕಾದು ನೋಡಿದಾಗ ಬಹುತೇಕ ಚುಕ್ಕೆಗಳು ಇಟ್ಟಲ್ಲೇ ಇದ್ದವು. ಫೋಟೋ ಹಾಕಿದೆ. ಮಹಾಸಭೆ ಸೂಜಿಯ ಕಂಪನಿಯ ಜಗಳಕ್ಕೆ ಮರಳಿತು. ಪುಣೆಯವಳು ಬರೆದಳು: ಇನ್ನು ಚಿತ್ರ ಹುಡುಕು.

ಅಲ್ಲಿಂದ ಮುಂದೆ ನನ್ನ ನಿಜವಾದ ಪಾಡು. ಸುಡುವ ಮೊದಲಿನ ಆಕೆಯ ಕೈಯ ಫೋಟೋ ಯಾವುದೂ ಇರಲಿಲ್ಲ. ಸೊಸೆ ನನ್ನ ಅಂಗಡಿಯ ನೆಲದ ಮೇಲೆ ರಂಗೋಲಿಯಲ್ಲಿ ಬರೆದು ತೋರಿಸಿದಳು. ಅತ್ತೆ ಬಗ್ಗಿ ನೋಡಿ "ಇದು ಕಬ್ಬಿನ ಟ್ರ್ಯಾಲಿ ಆತು, ತೊಟ್ಟಲಾ ಅಲ್ಲ" ಎಂದಳು. ಮಹಾಸಭೆ ಭಾರತದ ಸಮಸ್ತ ಗಿಣಿಗಳನ್ನೂ ಕಳಿಸಿಕೊಟ್ಟಿತು. ಒಂದೊಂದನ್ನೇ ಮೊಬೈಲಿನಲ್ಲಿ ತೋರಿಸಿದೆ.

"ಇದು ಹದ್ದು," ಎಂದಳು. ಮುಂದಿನದಕ್ಕೆ, "ಇದಕ್ಕ ಜ್ವರಾ ಬಂದೈತಿ." ಅದರ ಮುಂದಿನದನ್ನು ಬಹಳ ಹೊತ್ತು ನೋಡಿ, "ಛಲೋ ಐತಿ. ಯಾರ್ದಿದು? ಅವರಿಗೆ ಹಾಕ್ರಿ" ಎಂದಳು.

ಸೋತು ಕೂತಾಗ ಆಕೆ, ನಿನ್ನೆ ಏನು ಪಲ್ಯ ಮಾಡಿದ್ದೆವೆಂದು ಹೇಳುವ ಧಾಟಿಯಲ್ಲಿ, "ಆಕಿ ಕೈಯಾಗ ಇನ್ನೂ ಇರಬೇಕು" ಎಂದಳು. ಆಕಿ ಎಂದರೆ ಹಳೆಯ ಊರಿನ ಬಾಜೂ ಮನೆಯ ಗೆಳತಿ. ಇಬ್ಬರೂ ಒಂದೇ ದಿನ, ಒಬ್ಬಳೇ ಹೆಂಗಸಿನ ಕೈಯಿಂದ, ಒಂದೇ ನಮೂನೆ ಹಾಕಿಸಿಕೊಂಡವರು. ಮುಳುಗಡೆಯಾದ ಮೇಲೆ ಗೆಳತಿಯ ಮನೆಯವರು ಮುಧೋಳದ ಆಚೆಗಿನ ಹಳ್ಳಿಗೆ ಹೋದರು. ಅಂದಿನಿಂದ ಭೇಟಿಯಿಲ್ಲ.

"ಮೊದಲ ಯಾಕ ಹೇಳಲಿಲ್ರಿ ಯವ್ವಾ?"

"ನೀವು ನನ್ನ ಗಿಣಿ ಕೇಳಿದ್ರಿ. ಆಕೀದ ಕೇಳಲಿಲ್ಲ."

ಮೂವರೂ ಮುಧೋಳದ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಆಟೋದಲ್ಲಿ ಕಬ್ಬಿನ ನಡುವೆ ಸಾಗಿ, ವಿಚಾರಿಸಿಕೊಂಡು ಆ ಮನೆ ಮುಟ್ಟಿದೆವು. ಗೆಳತಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಏನಬೇ, ಇನ್ನೂ ಅದಿ ಏನ?"

"ನೀ ಹೋಗೂ ಮಟಾ ನಾ ಎಲ್ಲಿ ಹೋಗ್ಲಿ?"

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಅಳತೊಡಗಿದರು. ಅಳು ಮುಗಿದೊಡನೆ ಜಗಳ ಶುರುವಾಯಿತು. ಹಚ್ಚೆ ಹಾಕಿಸಿಕೊಳ್ಳುವಾಗ ಒಬ್ಬಳು ಓಡಿಹೋಗಬಾರದೆಂದು ಇಬ್ಬರನ್ನೂ ಒತ್ತಿ ಕೂರಿಸಿ, ಇವಳ ಬಲಗೈ ಅವಳ ಎಡಗೈ ಎರಡನ್ನೂ ಒಂದೇ ಮಣೆಯ ಮೇಲೆ ಜೋಡಿಸಿ ಇಡಿಸಿದ್ದರಂತೆ. ಈ ಕೈಗೊಂದು ಚುಕ್ಕೆ, ಆ ಕೈಗೊಂದು ಚುಕ್ಕೆ. ಮೊದಲು ಅತ್ತವರು ಯಾರೆಂಬುದು ವಾದ.

"ನೀನ ಅತ್ತಿ. ನಿಮ್ಮವ್ವ ಬೆಲ್ಲ ಕೊಟ್ಟು ಸುಮ್ನ ಮಾಡಿದ್ಲು."

"ಸುಳ್ಳ ಹೇಳಬ್ಯಾಡ ಬೇ. ಬೆಲ್ಲ ನಿನ್ನ ಬಾಯಾಗಿತ್ತು."

ತೀರ್ಪು ಆಗಲಿಲ್ಲ. ಆ ನಡುವೆ ನಾನು ಗೆಳತಿಯ ಎಡಗೈಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೂತೆ. ಹಸಿರಿಗೆ ತಿರುಗಿದ ಹಳೆಯ ಶಾಯಿ. ಚುಕ್ಕೆಗಳು ಒಂದರೊಳಗೊಂದು ಸೇರಿ ಗೆರೆಗಳಾಗಿದ್ದವು. ಪಾರದರ್ಶಕ ಹಾಳೆ ಹಾಸಿ, ಪ್ರತಿ ಚುಕ್ಕೆಯ ನಡುಮಧ್ಯ ಹುಡುಕಿ ಗುರುತು ಹಾಕಿದೆ. ನಿಧಾನವಾಗಿ ಗಿಣಿ ಎದ್ದಿತು. ತೊಟ್ಟಿಲ ಹಗ್ಗದ ಮೇಲೆ ಕೂತಿತ್ತು, ಕೊಕ್ಕು ಹೆಬ್ಬೆರಳಿನ ಕಡೆ. ಬಾಲ ಬೇಕಾದದ್ದಕ್ಕಿಂತ ಉದ್ದ, ಕುತ್ತಿಗೆಯಲ್ಲಿ ಏನೋ ಒಂದು ಗತ್ತು. ಮಹಾಸಭೆಯ ಗಿಣಿಗಳಲ್ಲಿ ಒಂದಕ್ಕೂ ಅದಿರಲಿಲ್ಲ. ಫೋಟೋವನ್ನೂ ತೆಗೆದುಕೊಂಡೆ.

ಚುಚ್ಚಲು ಗೊತ್ತು ಮಾಡಿದ ದಿನ ಸ್ಟೆನ್ಸಿಲ್ ಸಿದ್ಧಮಾಡಿದೆ. ಚಿತ್ರವನ್ನು ನೇರಳೆ ಶಾಯಿಯ ಹಾಳೆಗೆ ಇಳಿಸಿ, ಚರ್ಮದ ಮೇಲೆ ಒತ್ತಿ ಎತ್ತಿದರೆ ಅಚ್ಚು ಕೂರುತ್ತದೆ. ನಮ್ಮ ಕಸುಬಿನಲ್ಲಿ ಇದು ತಿರುವುಮುರುವಾಗುವುದಕ್ಕಿಂತ ದೊಡ್ಡ ಪಾತಕವಿಲ್ಲ. ನಮ್ಮ ಕಸುಬಿನ ಯಾವನೋ ಒಬ್ಬ, ಗಿರಾಕಿಯ ಬೆನ್ನಿನ ಮೇಲೆ ಅವನ ಹೆಂಡತಿಯ ಹೆಸರನ್ನು ಕನ್ನಡಿಯಲ್ಲಷ್ಟೇ ಓದಲು ಬರುವಂತೆ ಬರೆದಿದ್ದ. ಮಹಾಸಭೆ ಅದನ್ನು ಎಷ್ಟು ದಿನ ಹೊತ್ತು ಮೆರೆಸಿತೆಂದರೆ ಅಂದಿನಿಂದ ನಾನು ಅಚ್ಚನ್ನು ಫೋಟೋದ ಪಕ್ಕದಲ್ಲಿಟ್ಟು ನೋಡದೆ ಮುಟ್ಟುತ್ತಿರಲಿಲ್ಲ. ಅಂದೂ ನೋಡಿದೆ. ಚಿತ್ರ ಫೋಟೋದಲ್ಲಿ ಇದ್ದಂತೆಯೇ ಇತ್ತು. ಒತ್ತಿದೆ. ಎತ್ತಿದೆ. ಸುಟ್ಟ ಕೈಯ ಮೇಲೆ ನೇರಳೆ ಗಿಣಿ ಕೂತಿತ್ತು.

ಆಕೆ ಬಹಳ ಹೊತ್ತು ನೋಡಿದಳು. ಮಣಿಕಟ್ಟು ತಿರುಗಿಸಿ ನೋಡಿದಳು.

"ಇದು ನಂದಲ್ರಿ. ಆಕೀದು."

ಫೋಟೋ ತೋರಿಸಿದೆ. ಚುಕ್ಕೆಗೆ ಚುಕ್ಕೆ ಹೊಂದುತ್ತದೆ ನೋಡಿರಿ ಎಂದೆ.

"ಅತ್ತಿ, ನನ್ನ ರೊಟ್ಟಿ ಆತು, ಇನ್ನ ಅಣ್ಣಾರ ಗಿಣಿಗೆ ಹೆಸರ ಇಡಾಕ ಚಾಲೂ ಮಾಡಬ್ಯಾಡ್ರಿ," ಎಂದಳು ಸೊಸೆ.

ಅತ್ತೆ ನನ್ನ ಸಾಮಾನು ಇಡುವ ಸ್ಟೀಲಿನ ತಟ್ಟೆಯೊಂದನ್ನು ಎಳೆದುಕೊಂಡು ಬೋರಲು ಹಾಕಿದಳು. ಅದರ ಮೇಲೆ ಬರಿಗೈಯಿಂದ, ಇಲ್ಲದ ಹಿಟ್ಟನ್ನು ಬಡಿಯತೊಡಗಿದಳು. ಎಡಗೈ ಇಲ್ಲದ ರೊಟ್ಟಿಯನ್ನು ಸರಿಯಾಗಿ ತಿರುಗಿಸುತ್ತಿತ್ತು. ಸೊಸೆ ಬಗ್ಗಿ ನೋಡತೊಡಗಿದಳು. ನಾನೂ.

"ರೊಟ್ಟಿ ಬಡಿಯೂವಾಗ ನನ್ನ ಗಿಣಿ ರೊಟ್ಟೀನ ನೋಡತಿತ್ರಿ," ಎಂದಳು ಕೈ ನಿಲ್ಲಿಸಿ. "ಇದು ಬಾಗಲಾ ನೋಡಾಕತ್ತೈತಿ."

ಗೆಳತಿಯದು ಎಡಗೈ. ಇವಳದು ಬಲಗೈ. ಗೆಳತಿಯ ಕೈಯಲ್ಲಿ ಹೆಬ್ಬೆರಳಿನ ಕಡೆ ನೋಡುವ ಗಿಣಿಯನ್ನು ಇದ್ದಂತೆ ತಂದು ಬಲಗೈಗೆ ಕೂರಿಸಿದರೆ ಅದು ಕಿರುಬೆರಳಿನ ಕಡೆ ನೋಡುತ್ತದೆ. ಇದು ಗೊತ್ತಾಗದವನು ನಾನು! ಸೀರೆಯ ಈ ದಡಿಯ ನವಿಲು ಒಳಗೆ ನೋಡುತ್ತಿದ್ದರೆ ಆ ದಡಿಯ ನವಿಲೂ ಒಳಗೇ ನೋಡಬೇಕೆಂದು ಆಯುಷ್ಯದ ಅರ್ಧ ಭಾಗ ಗ್ರಾಫ್ ಹಾಳೆ ತಿರುಗಿಸಿ ಬರೆದವನು. ಒಂದು ನವಿಲು ಹೊರಗೆ ನೋಡಿದ್ದರೆ ನೇಕಾರರು ರಟ್ಟುಗಳನ್ನೆಲ್ಲ ನನ್ನ ತಲೆಯ ಮೇಲೆ ಸುರಿಯುತ್ತಿದ್ದರು. ಒಂದು ಮಣೆಯ ಮೇಲಿನ ಎರಡು ಕೈಗಳೂ ಎರಡು ದಡಿಗಳೇ ಅಲ್ಲವೇ?

ಅಲ್ಲದೆಯೂ ಇರಬಹುದು. ಅದೇ ತೊಡಕು. ಹಚ್ಚೆ ಹಾಕಿದ ಆ ಹೆಂಗಸು ಎರಡು ಕೈಗೂ ಒಂದೇ ಮುಖವಾಗಿ ಬರೆದಿದ್ದರೆ? ಫೋಟೋ ಒಂದು ಹೇಳುತ್ತಿತ್ತು, ಬೋರಲು ಬಿದ್ದ ತಟ್ಟೆ ಇನ್ನೊಂದು. ಚರ್ಮ ಒಂದೇ ಸಲ ಒಪ್ಪಿಕೊಳ್ಳುವಂಥದ್ದು. ತಪ್ಪಾದರೆ ಆಕೆ ಒಮ್ಮೆ ಕಳೆದುಕೊಂಡದ್ದನ್ನು ನಾನು ಎರಡನೆಯ ಸಲ, ಕೈತೊಳೆದು ಗ್ಲೌಸು ಹಾಕಿಕೊಂಡು ಕಳೆದಂತೆ. ಸಾಕ್ಷಿಗಾಗಿ ಗೆಳತಿಗೆ ಫೋನು ಹಚ್ಚಿದೆವು.

"ನನಗೇನ ಗೊತ್ತರಿ?" ಎಂದಳು ಅವಳು. "ನಾ ನನ್ನ ಗಿಣಿ ನೋಡ್ಕೋತ ಅಳಾಕತ್ತಿದ್ನಿ. ಆಕೀದ ಯಾಕ ನೋಡ್ಲಿ?"

"ಕೇಳಿದ್ರಿ? ಆಕಿನ ಅತ್ತಿದ್ದು," ಎಂದಳು ಅತ್ತೆ.

ಇಷ್ಟು ದಿನ ಆಕೆಗೆ ಗಿಣಿಯನ್ನು ಬರೆದು ತೋರಿಸಲು ಬಂದಿರಲಿಲ್ಲ, ಬಾಯಲ್ಲಿ ವರ್ಣಿಸಲೂ ಬಂದಿರಲಿಲ್ಲ. ಕೈ ಆಡಿದ ಕೂಡಲೇ ಅದರ ಕೊಕ್ಕು ಎತ್ತ ಇತ್ತೆಂದು ಗೊತ್ತಾಯಿತು. ಸ್ಪಿರಿಟಿನಿಂದ ಅಚ್ಚು ಒರೆಸಿದೆ. ಹಾಳೆಯನ್ನು ಮಗುಚಿ ಹೊಸ ಸ್ಟೆನ್ಸಿಲ್ ತೆಗೆದೆ. ಕಸುಬಿನ ಮಹಾಪಾತಕವನ್ನು ತಿಳಿದೂ ತಿಳಿದೂ ಮಾಡಿ, ಒತ್ತಿ, ಎತ್ತಿದೆ.

ಆಕೆ ಮತ್ತೆ ತಟ್ಟೆಯ ಮೇಲೆ ಕೈ ಇಟ್ಟಳು. ಒಂದೆರಡು ಬಡಿತ ಬಡಿದು ನಿಲ್ಲಿಸುತ್ತಾಳೆಂದುಕೊಂಡೆ. ನಿಲ್ಲಿಸಲಿಲ್ಲ. ರೊಟ್ಟಿ ಪೂರ್ತಿಯಾಗುವವರೆಗೆ ಬಡಿದಳು, ಅಂಚು ಸವರಿದಳು, ಎರಡೂ ಕೈಯಲ್ಲಿ ಎತ್ತಿ ಇಲ್ಲದ ಹಂಚಿನ ಮೇಲೆ ಹಾಕಿದಳು.

"ಹಾಕ್ರಿ ಅಣ್ಣಾರ," ಎಂದಳು ಸೊಸೆ, ಸಣ್ಣ ದನಿಯಲ್ಲಿ.

ಒಂದೇ ಸಲಕ್ಕೆ ಮುಗಿಸಲಿಲ್ಲ. ಒಂದು ಸಲ ತೊಟ್ಟಿಲು, ಅದು ಮಾಯ್ದ ಮೇಲೆ ಗಿಣಿಯ ಮೈ, ಕೊನೆಗೆ ಬಾಲ. ಒಂದು ಚುಕ್ಕೆ ಚುಚ್ಚುವುದು, ನೋಡುವುದು. ಹಾಡು ನನಗೆ ಬರುವುದಿಲ್ಲ, ಹೊಡೆಯುವ ಧೈರ್ಯವಿರಲಿಲ್ಲ. ಬಾಲದ ಭಾಗ ಹೊಳೆಯುವ ಚರ್ಮದ ಮೇಲೆ ಬಿದ್ದಿತ್ತು, ಅಲ್ಲಿ ಎಷ್ಟು ಹಗುರ ಹಿಡಿದರೂ ಕೆಲವು ಚುಕ್ಕೆ ನಿಲ್ಲಲಿಲ್ಲ. ಮಾಯುವವರೆಗೆ ಬಿಸಿಲು ಬೇಡ, ಹಿಟ್ಟು ಬೇಡ ಎಂದು ತಾಕೀತು ಮಾಡಿದ್ದೆ. ಆಕೆ ಪಾಲಿಸಿದಳಂತೆ. ಆದರೆ ಹಿಟ್ಟಿನ ಡಬ್ಬಿ ಎಲ್ಲಿದೆ ಎಂದು ದಿನಾ ವಿಚಾರಿಸುತ್ತಿದ್ದಳೆಂದು ಸೊಸೆ ವರದಿ ಮಾಡಿದಳು.

ಕೊನೆಯ ಸಲ ನೋಡಲು ನಾನೇ ಬೀಳಗಿಗೆ ಹೋದೆ. ಅಡುಗೆಮನೆಯಿಂದ ರೊಟ್ಟಿಯ ಸಪ್ಪಳ ಅಂಗಳಕ್ಕೇ ಕೇಳುತ್ತಿತ್ತು. ಸೊಸೆ ಹೊರಗೆ ಕಾಲು ಚಾಚಿ ಕೂತು ಸೊಪ್ಪು ಸೋಸುತ್ತಿದ್ದಳು.

"ನನ್ನ ಒಲಿ ಮುಂದ ಬರಗೊಡೂದಿಲ್ರಿ ಈಗ," ಎಂದಳು. ದೂರು ಹೇಳುವವರ ಮುಖ ಹಾಗಿರುವುದಿಲ್ಲ.

ನನ್ನನ್ನು ಒಲೆಯ ಎದುರಿಗೆ ಕೂರಿಸಿದರು. ಬಾಲದ ಬಿಟ್ಟುಹೋದ ಚುಕ್ಕೆಗಳನ್ನು ಮತ್ತೊಮ್ಮೆ ಹಾಕಲೇ ಎಂದು ಕೇಳಿದ್ದಕ್ಕೆ, ವಯಸ್ಸಾದ ಗಿಣಿಗೆ ಪುಕ್ಕ ಉದುರುತ್ತವೆ, ಬಿಡ್ರಿ ಎಂದಳು ಅತ್ತೆ. ಫೋಟೋ ತೆಗೆದು ಅಲ್ಲಿಂದಲೇ ಮಹಾಸಭೆಗೆ ಹಾಕಿದೆ, ಗೆಳತಿಯ ಕೈಯ ಫೋಟೋದ ಜೊತೆಗೆ. ತಟ್ಟೆಗೆ ಮೊದಲ ರೊಟ್ಟಿ ಬೀಳುವಷ್ಟರಲ್ಲಿ ಒಬ್ಬ ಸದಸ್ಯ ಬರೆದೇಬಿಟ್ಟಿದ್ದ: ಮೂಲದಲ್ಲಿ ಹಕ್ಕಿ ಬಲಕ್ಕೆ ನೋಡುತ್ತಿದೆ, ನೀನು ಎಡಕ್ಕೆ ತಿರುಗಿಸಿದ್ದೀಯ. ಕಲಿಯುವವರು ಮಾಡುವ ತಪ್ಪು. ಪಾಪ, ಆ ಮುದುಕಿ.

ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಆಕೆ ಬಡಿಯುವುದನ್ನು ನಿಲ್ಲಿಸಲಿಲ್ಲ. ಗಿಣಿ ಅವಳ ಕೈಯ ಮೇಲೆ ಏರುತ್ತ ಇಳಿಯುತ್ತ, ಕೊಕ್ಕು ಚಾಚಿ, ಜೋಳದ ಹಿಟ್ಟು ದುಂಡಗಾಗುವುದನ್ನೇ ನೋಡುತ್ತಿತ್ತು.

"ಗಿಣಿ ಹಸದಿತ್ತು ಅಂತ ಬರೀರಿ," ಎಂದಳು.

ಅಷ್ಟು ಇಂಗ್ಲಿಷು ನನಗೆ ಬರುತ್ತಿತ್ತು. ಬರೆದು, ಮೊಬೈಲು ಮಗ್ಗುಲಿಗಿಟ್ಟು, ಕೈ ತೊಳೆದೆ. ರೊಟ್ಟಿ ತೆಳ್ಳಗಿತ್ತು.